ಆಡದ ನಾಲ್ಕು ಓವರು

“ಹದಿನೆಂಟು ಓವರ್, ಎರಡು ಬಾಲ್. ಅಷ್ಟರೊಳಗೆ ಹೊಡೆದ್ರೆ ಫೈನಲ್ ನಿಮ್ದೇ,” ಎಂದು ಕಿಟಕಿಯಿಂದ ಬಗ್ಗಿ ಹೇಳಿ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ ಕ್ಷಣದಿಂದ ಅವನ ಮನಸ್ಸು ನೆಟ್ಟಗಿರಲಿಲ್ಲ. ಮನೆ ಬಿಟ್ಟು ಅರ್ಧ ದಾರಿಗೆ ಬಂದಮೇಲೆ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಅನಿಸುತ್ತದಲ್ಲ, ಅಂಥದೊಂದು ಕಸಿವಿಸಿ. ಕೆಳಗೆ ಪ್ಯಾಡು ಕಟ್ಟಿಕೊಳ್ಳುತ್ತಿದ್ದ ಬಾಮೈದ ತಲೆಯೆತ್ತಿ, “ಭಾವ ಹೇಳಿದ ಮೇಲೆ ಮುಗೀತು, ಇನ್ನ್ಯಾರೂ ಲೆಕ್ಕ ಹಾಕೋದು ಬೇಡ,” ಎಂದು ತಂಡಕ್ಕೆಲ್ಲ ಕೇಳುವ ಹಾಗೆ ಕೂಗಿದ. ಹನ್ನೊಂದು ಜನರೂ ತಲೆಯಾಡಿಸಿದರು. ಮುದ್ರಣಾಲಯದ ತಂಡದ ಸ್ಕೋರರ್ ಅವನೇ; ಅಲ್ಲಿ ಲೆಕ್ಕವೆಂದರೆ ಅವನು, ಅವನೆಂದರೆ ಲೆಕ್ಕ. ಸ್ಕೋರರುಗಳು ಕೂರುವುದು ಆಟಗಾರರ ಕೋಣೆಯ ನೆತ್ತಿಯ ಮೇಲೆ ತಗಡು ಹೊದಿಸಿ ಕಟ್ಟಿದ ಮರದ ಗೂಡಿನಲ್ಲಿ: ಏಣಿಯಂಥ ಮೆಟ್ಟಿಲು, ಒಂದು ಉದ್ದನೆ ಮೇಜು, ಎರಡು ಕುರ್ಚಿ, ಗಾಜಿಲ್ಲದ ಕಿಟಕಿ. ಪಕ್ಕದ ಕುರ್ಚಿಯಲ್ಲಿ ಎದುರಾಳಿ ಗಿರಣಿ ತಂಡದ ಸ್ಕೋರರ್, ಕಡಲೆಕಾಯಿ ಸುಲಿದು ಸುಲಿದು ಸಿಪ್ಪೆಯನ್ನು ಅಂಗಿಯ ಜೇಬಿಗೇ ತುಂಬುವ ದಪ್ಪ ಮನುಷ್ಯ, ಇಬ್ಬರಿಗೂ ಸಾಕಾಗುವಷ್ಟು ಜಾಗದಲ್ಲಿ ತಾನೊಬ್ಬನೇ ಹರಡಿಕೊಂಡಿದ್ದ. ಮುದ್ರಣಾಲಯದವ ತನ್ನ ಮೊಣಕೈಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡು ಕುಳಿತ.

ಲೆಕ್ಕವೇನೋ ಹೇಳಲಿಕ್ಕೆ ಸುಲಭ. ಆಸ್ಪತ್ರೆ ತಂಡ ತನ್ನ ಆಟಗಳನ್ನೆಲ್ಲ ನಿನ್ನೆಗೆ ಮುಗಿಸಿಕೊಂಡಿತ್ತು. ಇವತ್ತು ಗೆದ್ದರೆ ಮುದ್ರಣಾಲಯಕ್ಕೂ ಅಷ್ಟೇ ಅಂಕ. ಅಂಕ ಸಮವಾದಾಗ ಫೈನಲ್ಲಿಗೆ ಯಾರೆಂದು ತೀರ್ಮಾನಿಸುವುದು ರನ್ ರೇಟು: ಎಲ್ಲ ಆಟಗಳಲ್ಲಿ ಹೊಡೆದ ರನ್ನನ್ನು ಆಡಿದ ಓವರುಗಳಿಂದ ಭಾಗಿಸಬೇಕು, ಬಿಟ್ಟುಕೊಟ್ಟ ರನ್ನನ್ನು ಎಸೆದ ಓವರುಗಳಿಂದ ಭಾಗಿಸಬೇಕು, ಅದರಲ್ಲಿ ಇದನ್ನು ಕಳೆಯಬೇಕು. ಗಿರಣಿಯವರು ಇಪ್ಪತ್ತು ಓವರಿನಲ್ಲಿ ನೂರಿಪ್ಪತ್ತು ಹೊಡೆದಿದ್ದರು. ನೂರಿಪ್ಪತ್ತೊಂದು ಹೊಡೆದು ಗೆಲ್ಲುವುದಷ್ಟೇ ಸಾಲದು, ಬೇಗ ಹೊಡೆಯಬೇಕು. ಎಷ್ಟು ಬೇಗ ಎಂಬುದನ್ನು ಅವನು ಹೇಳಬೇಕು. ಹೇಳಿದ್ದ. ಇಷ್ಟಕ್ಕೆ ಯಾಕೆ ಕಸಿವಿಸಿ? ಬೆಳಗ್ಗೆ ಹೆಂಡತಿ ತಮ್ಮನ ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕುತ್ತ, ಮುಖ ಎತ್ತದೆ, “ಇವತ್ತೊಂದು ದಿನ ಅವನ ಕೈ ಹಿಡೀರಿ,” ಎಂದಿದ್ದಳು. ಬಂದರು ಕಚೇರಿಯ ದೊಡ್ಡ ಅಧಿಕಾರಿ ಫೈನಲ್ ನೋಡಲು ಬರುತ್ತಾನೆ, ಕಚೇರಿಯ ತಂಡಕ್ಕೆ ಒಬ್ಬ ಆಟಗಾರನನ್ನು ಆರಿಸಿ ಕಾಯಂ ಕೆಲಸ ಕೊಡುತ್ತಾನೆ, ಬಾಮೈದನ ಹೆಸರು ಆಗಲೇ ಅವನ ಕಿವಿಗೆ ಬಿದ್ದಿದೆ. ಆದರೆ ಫೈನಲ್ಲಿನಲ್ಲಿ ಆಡಿದವರನ್ನು ಮಾತ್ರ ನೋಡುವುದು, ಮತ್ತು ಮುಂದಿನ ವರ್ಷಕ್ಕೆ ಬಾಮೈದನ ವಯಸ್ಸು ಮೀರುತ್ತದೆ. ಇಷ್ಟೂ ಸಂಗತಿ ಆ ಒಂದು ಮಾತಿನಲ್ಲಿತ್ತು. ತಾಯಿ ಸತ್ತಾಗ ತೊಟ್ಟಿಲಲ್ಲಿದ್ದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಮದುವೆಯಾಗಿ ಬರುವಾಗ ಒಂದು ಪೆಟ್ಟಿಗೆಯನ್ನೂ ಒಬ್ಬ ತಮ್ಮನನ್ನೂ ತಂದವಳು. ಅಂದಿನಿಂದ ಮುಂದಿನ ಕೋಣೆ ಅವನದು. ಕುರ್ಚಿಯ ಬೆನ್ನಿನ ಮೇಲೆ ಅವನ ಒದ್ದೆ ಟವೆಲು, ಸ್ನಾನದ ಮನೆಯಲ್ಲಿ ಅವನ ಸಿಳ್ಳೆ, ಊಟದ ಹೊತ್ತಿನಲ್ಲಿ ಅವನ ಜೋಕು, ಅಕ್ಕತಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವಾಗ ಅರ್ಥವಾಗಲಿ ಬಿಡಲಿ ತಾನೂ ಒಂದಿಷ್ಟು ನಕ್ಕು ಸುಮ್ಮನಾಗುವುದು. ಇವನಿಗೊಂದು ಕಾಯಂ ನೌಕರಿಯಾಗಿ ಇವನ ಪಾಡಿಗೆ ಇವನು ಹೋದರೆ ಸಾಕಪ್ಪ ಎಂದು ಎಷ್ಟು ಸಲ ಅಂದುಕೊಂಡಿಲ್ಲ. ಆದರೆ ಬೆಳಗ್ಗೆ ಅವಳು ಇಸ್ತ್ರಿ ಪೆಟ್ಟಿಗೆಯನ್ನು ಮಗ್ಗುಲಿಗಿಟ್ಟು ಪ್ಯಾಂಟನ್ನು ಮಡಚಿದಾಗ, ಆ ಕೋಣೆ ಖಾಲಿಯಾಗಿ ತಾವಿಬ್ಬರೇ ಎದುರುಬದುರು ಕೂತು ಉಣ್ಣುವ ಚಿತ್ರ ಕಣ್ಣಿಗೆ ಕಟ್ಟಿತು. ಆ ಚಿತ್ರದಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಬಾಮೈದ ಆಟಕ್ಕಿಳಿದವನೇ ನೆಲದ ಮೇಲೆಯೇ ಎರಡು ಬೌಂಡರಿ ಹೊಡೆದು, ಆಮೇಲೆ ಬಿಸಿಲು ಕಾಯಿಸಿಕೊಳ್ಳುವವನ ಹಾಗೆ ನಿಧಾನವಾಗಿ ಆಡತೊಡಗಿದ. ಅವಸರವೇನಿತ್ತು? ಭಾವ ಹದಿನೆಂಟು ಎಂದಿದ್ದಾನೆ. ಮೇಲೆ ಗೂಡಿನಲ್ಲಿ ಅವನು ಎಸೆತಕ್ಕೊಂದು ಗುರುತು ಹಾಕುತ್ತ, ಓವರು ಮುಗಿದಾಗ ಪಕ್ಕದವನ ಜೊತೆ ಒಟ್ಟು ಹೊಂದಿಸಿಕೊಳ್ಳುತ್ತ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುವಾಗ ಬರುವ ನೆಮ್ಮದಿಗಾಗಿ ಕಾದ. ಅದು ಬರಲಿಲ್ಲ. ಮುದ್ರಣಾಲಯದಲ್ಲೂ ಅಷ್ಟೇ, ಕರಡಚ್ಚಿನ ಹಾಳೆಯಲ್ಲಿ ಎಲ್ಲೋ ತಪ್ಪಿದೆ ಎಂದು ಕಣ್ಣಿಗೆ ಮೊದಲೇ ಗೊತ್ತಾಗುತ್ತಿತ್ತು, ಎಲ್ಲಿದೆ ಎಂದು ಆಮೇಲೆ. ಹೋದ ವರ್ಷ ಗೋಡೆ ಕ್ಯಾಲೆಂಡರಿನ ಹಾಳೆಗಳು ಯಂತ್ರಕ್ಕೆ ಹೋಗುವ ಹೊತ್ತಿಗೆ ಅವನು ಓಡಿಬಂದು ನಿಲ್ಲಿಸಿದ್ದ: ಜೂನ್ ತಿಂಗಳಿಗೆ ಮೂವತ್ತೊಂದು ದಿನ ಬಂದಿತ್ತು. ಬೆನ್ನು ತಟ್ಟಬೇಕಾದ ಮಾಲೀಕ, ಯಂತ್ರ ನಿಂತಿತೆಂಬ ಸಿಟ್ಟಿಗೆ, “ನಿನ್ನ ಕಣ್ಣಿಗೆ ತಪ್ಪು ಬಿಟ್ಟು ಬೇರೇನೂ ಕಾಣಲ್ವೇನಯ್ಯಾ? ಹೆಂಡ್ತಿ ಮುಖನೂ ಹೀಗೇ ನೋಡ್ತೀಯಾ?” ಎಂದಿದ್ದ. ಎಲ್ಲರೂ ನಕ್ಕಿದ್ದರು. ಬೈಂಡಿಂಗ್ ವಿಭಾಗದಲ್ಲಿ ಅಂಟಿನ ಡಬ್ಬಿ ಹಿಡಿದು ನಿಂತಿದ್ದ ಬಾಮೈದನೂ ನಕ್ಕಿದ್ದ. ಅದರಲ್ಲಿ ಕುಹಕವಿರಲಿಲ್ಲ, ಅವನ ನಗುವೇ ಹಾಗೆ, ಎಲ್ಲಿ ನಗು ಬಿದ್ದಿದ್ದರೂ ಎತ್ತಿಕೊಳ್ಳುವವ. ಅದನ್ನು ಅಂದೇ ಮರೆತಿದ್ದೆನಲ್ಲ, ಈಗ ಯಾಕೆ ನೆನಪಾಗಬೇಕು ಎಂದು ಅವನು ತನ್ನನ್ನೇ ಗದರಿಸಿಕೊಂಡ.

ಹತ್ತನೇ ಓವರು ಮುಗಿಯಿತು. ಎಪ್ಪತ್ತಾರು ರನ್, ಒಂದೇ ವಿಕೆಟ್. ಅಂಪೈರ್ ನೀರಿಗೆಂದು ಆಟ ನಿಲ್ಲಿಸಿದ. ಗಿರಣಿಯವ ಕಡಲೆಕಾಯಿಯೊಂದನ್ನು ಪಟ್ಟನೆ ಒಡೆದು, “ಏನಯ್ಯಾ, ನಿಮ್ಮೋರು ಮಾವನ ಮನೇಲಿ ಊಟ ಮಾಡ್ದಂಗೆ ಆಡ್ತಿದಾರೆ? ಹದಿನಾಲ್ಕು ಚಿಲ್ಲರೆ ಓವರಲ್ಲಿ ಮುಗಿಸ್ಬೇಕಲ್ವಾ? ಫೈನಲ್ ಬೇಡ್ವಾ ಅವರಿಗೆ?” ಎಂದ.

“ಹದಿನಾಲ್ಕಾ?” ಎಂದು ಕೇಳಿದಾಗ ತನ್ನ ದನಿ ತನಗೇ ಬೇರೆಯವರದು ಅನಿಸಿತು.

“ಹೂಂ. ಹದಿನಾಲ್ಕು ಓವರ್, ಎರಡು ಬಾಲ್. ನಾನೂ ಸುಮ್ನೆ ಕೂತು ಹಾಕಿ ನೋಡ್ದೆ, ಟೈಮ್ ಪಾಸಿಗೆ. ಯಾಕೆ, ನಿಂದು ಎಷ್ಟು ಬಂತು?”

“ಅಷ್ಟೇ,” ಎಂದ ಅವನು. “ಅಷ್ಟೇ ಬಂತು. ಅವರಿಗೆ ಗೊತ್ತು. ಕೊನೇಲಿ ಹೊಡೀತಾರೆ.”

ಹೇಳುತ್ತಿದ್ದ ಹಾಗೆಯೇ ಗೊತ್ತಾಯಿತು. ಲೆಕ್ಕ ಹಾಕಬೇಕಾಗಲೇ ಇಲ್ಲ, ನಾಲ್ಕು ಎಂಬ ವ್ಯತ್ಯಾಸ ಕೇಳಿದೊಡನೆ ಕಾಲಕೆಳಗಿನ ಹಲಗೆ ಸರಿದಂತಾಯಿತು. ಆಲೌಟ್. ಎರಡನೇ ಆಟದಲ್ಲಿ ಮುದ್ರಣಾಲಯ ಹದಿನಾರು ಓವರಿಗೆ ತೊಂಬತ್ತಾರಕ್ಕೆ ಆಲೌಟ್ ಆಗಿತ್ತು. ತಂಡವೊಂದು ಇಪ್ಪತ್ತು ಓವರು ಮುಗಿಯುವ ಮೊದಲೇ ಆಲೌಟ್ ಆದರೆ ಅದು ಆಡಿದ ಹದಿನಾರನ್ನು ಹಿಡಿಯುವುದಿಲ್ಲ, ಪೂರ್ತಿ ಇಪ್ಪತ್ತನ್ನು ಹಿಡಿಯುತ್ತಾರೆ. ಆಡದ ನಾಲ್ಕು ಓವರೂ ಆಡಿದ ಹಾಗೆಯೇ, ಆ ನಾಲ್ಕನ್ನು ಇವತ್ತಿನ ಹದಿನೆಂಟರಿಂದ ಕಳೆಯಬೇಕಿತ್ತು. ಹೊಸದಾಗಿ ಲೆಕ್ಕ ಕಲಿಯಲು ಬಂದವರಿಗೆ ಅವನು ಹೇಳಿಕೊಡುತ್ತಿದ್ದ ಮೊದಲನೇ ಪಾಠವೇ ಇದು. ಬೇಗ ಔಟಾಗಿ ಕೂತವನಿಗೆ ರಿಯಾಯಿತಿ ಇಲ್ಲಪ್ಪ, ಕೂತಿದ್ದ ಹೊತ್ತೂ ಅವನ ಬಾಬ್ತೇ ಎಂದು ನಗಿಸುತ್ತಿದ್ದ. ಅಂಥವನು ಹದಿನಾರು ಎಂದು ಬರೆದುಕೊಂಡಿದ್ದ. ಹೇಗೆ ಬರೆದೆ? ಆ ದಿನ ಕೊನೆಗೆ ಔಟಾದವನು ಬಾಮೈದನೇ, ಇನ್ನೊಂದಿಷ್ಟು ತಾಳಿಕೊಂಡಿದ್ದರೆ ಗೆಲ್ಲಬಹುದಾಗಿದ್ದ ಹೊತ್ತಿನಲ್ಲಿ ಕಣ್ಣುಮುಚ್ಚಿ ಬ್ಯಾಟು ಬೀಸಿ. ಆ ಸಂಜೆ ಹೆಂಡತಿ ಬಾಗಿಲಲ್ಲೇ ತಡೆದು, “ಅವನಿಗೆ ಏನೂ ಅನ್ಬೇಡಿ, ಮೊದ್ಲೇ ನೊಂದಿದಾನೆ,” ಎಂದು ಪಿಸುಗುಟ್ಟಿದ್ದಳು. ಅವನು ಏನೂ ಅಂದಿರಲಿಲ್ಲ. ಊಟದುದ್ದಕ್ಕೂ ಏನೂ ಅನ್ನದೆ ಕೂತು, ಬಾಮೈದ ತುತ್ತನ್ನು ಬೆರಳಲ್ಲಿ ಆಡಿಸುತ್ತಿದ್ದುದನ್ನು ನೋಡುತ್ತ, ತನ್ನ ಮೌನದ ರುಚಿಯನ್ನು ನಾಲಿಗೆಯ ಮೇಲೆ ಹೊರಳಿಸಿದ್ದ. ಆ ನಾಲ್ಕು ಓವರನ್ನು ತಾನು ಅವನಿಗೆ ಬಿಟ್ಟುಕೊಟ್ಟೆನೇ, ಹೋಗಲಿ ಪಾಪ ಎಂದು? ಅಥವಾ? ಆ ‘ಅಥವಾ’ದ ಮುಂದೆ ಹೋಗಲು ಮನಸ್ಸು ಹೆದರಿತು.

ಇನ್ನೂ ಹೊತ್ತಿತ್ತು. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಇಪ್ಪತ್ತಾರು ಎಸೆತ, ನಲವತ್ತೈದು ರನ್, ಒಂಬತ್ತು ವಿಕೆಟ್ ಕೈಯಲ್ಲಿ. ಬಾಮೈದ ಮನಸ್ಸು ಮಾಡಿದರೆ ಇದು ಆಗದ ಮಾತಲ್ಲ. ಇದಕ್ಕಿಂತ ಕಷ್ಟದ್ದನ್ನು ಅವನು ಸಿಳ್ಳೆ ಹಾಕಿಕೊಂಡು ಮಾಡಿದ್ದಿದೆ. ಒಂದು ಮಾತು ಸಾಕು. ಅವನು ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತ. ಕಿಟಕಿಯ ಕೆಳಗೆ ತಂಡದ ಮ್ಯಾನೇಜರ್, ಅಚ್ಚಿನ ಯಂತ್ರದ ಹಳೇ ಮೇಸ್ತ್ರಿ, ಹೆಗಲಿಗೆ ಟವೆಲು ಹಾಕಿಕೊಂಡು, ಮೈದಾನಕ್ಕೆ ನೀರಿನ ಕ್ಯಾನು ಒಯ್ಯುವ ಮೊದಲು ಮೇಲೆ ನೋಡುತ್ತ ನಿಂತಿದ್ದ. ಮರದ ನೆರಳಿನಲ್ಲಿ ಆಸ್ಪತ್ರೆ ತಂಡದವರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು; ಅವರಲ್ಲಿ ಒಬ್ಬರೂ ಉಣ್ಣುತ್ತಿರಲಿಲ್ಲ, ಎಲ್ಲರ ಕಣ್ಣೂ ಸ್ಕೋರ್ ಫಲಕದ ಮೇಲಿತ್ತು.

“ಸಾರ್, ಒಂದ್ಸಲ ಹೇಳ್ಬಿಡಿ, ಹುಡುಗರು ಕೇಳ್ತಿದಾರೆ,” ಎಂದು ಮ್ಯಾನೇಜರ್ ಕೂಗಿದ. “ಹದಿನೆಂಟು ಓವರ್ ಎರಡು ಬಾಲ್ ತಾನೆ? ಬದಲಾವಣೆ ಏನಿಲ್ವಲ್ಲ?”

ಇಲ್ಲ, ನಿಲ್ಲಿ, ತಪ್ಪಾಗಿದೆ. ಮೂರೇ ಮಾತು. ಆದರೆ ಆ ಮೂರು ಮಾತಿನ ಹಿಂದೆ ಯಾಕೆ, ಹೇಗೆ, ನಿಮಗಾ ಸಾರ್ ಎಂಬ ಪ್ರಶ್ನೆಗಳು ಸಾಲುಗಟ್ಟಿ ನಿಂತಿದ್ದವು. ನೆರಳಿನಲ್ಲಿ ಕೂತವರು ಕಿವಿ ನಿಮಿರಿಸುತ್ತಾರೆ. ಈಗಷ್ಟೇ ‘ಅಷ್ಟೇ ಬಂತು’ ಎಂಬ ಸುಳ್ಳನ್ನು ಕೇಳಿಸಿಕೊಂಡ ದಪ್ಪ ಮನುಷ್ಯ ಪಕ್ಕದಲ್ಲೇ ಅಗಿಯುವುದನ್ನು ನಿಲ್ಲಿಸಿದ್ದಾನೆ. ನಾಳೆ ಮುದ್ರಣಾಲಯದಲ್ಲಿ ಮಾಲೀಕ, ಬಾರಯ್ಯಾ ಲೆಕ್ಕಿಗ, ಎನ್ನುತ್ತಾನೆ. ಮತ್ತೊಮ್ಮೆ ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಎಲ್ಲರೂ ಹಾಗೆನ್ನುತ್ತಾರೆ, ಅದರಲ್ಲಿ ಅವಮಾನವಿಲ್ಲ. ಅವನು ಬಾಯಿ ತೆರೆದ. ಅಷ್ಟರಲ್ಲಿ ಮೈದಾನದ ನಡುವೆ ಹೆಲ್ಮೆಟ್ ತೆಗೆದು ನಿಂತಿದ್ದ ಬಾಮೈದ ಗೂಡಿನ ಕಡೆ ತಿರುಗಿ, ಎರಡು ಬೆರಳು ಹಣೆಗೆ ತಾಗಿಸಿ ಸಲಾಮು ಹೊಡೆದು ನಕ್ಕ. ಬೈಂಡಿಂಗ್ ವಿಭಾಗದ ಅದೇ ನಗು. ಊಟದ ಹೊತ್ತಿನ ಅದೇ ನಗು.

“ಹೂಂ. ಅಷ್ಟೇ. ಆರಾಮಾಗಿ ಆಡ್ಲಿ,” ಎಂದ ಅವನು.

ಹೂಂ ಎಂದದ್ದು ಗಂಟಲು. ಆರಾಮಾಗಿ ಆಡಲಿ ಎಂದು ಸೇರಿಸಿದವರು ಯಾರು? ಮ್ಯಾನೇಜರ್ ಹೆಬ್ಬೆರಳೆತ್ತಿ ಕ್ಯಾನು ಹಿಡಿದು ಹೊರಟ. ಅವನು ಕೂತ. ಗಿರಣಿಯವ ಬಹಳ ಹೊತ್ತು ಅವನನ್ನೇ ನೋಡಿ, ಜೇಬಿನ ಸಿಪ್ಪೆಯನ್ನೆಲ್ಲ ತೆಗೆದು ಕಿಟಕಿಯಿಂದಾಚೆ ಚೆಲ್ಲಿ ಕೈ ಕೊಡವಿಕೊಂಡ. ಒಂದು ತಂಡದ ಸ್ಕೋರರ್ ಇನ್ನೊಂದು ತಂಡದ ಆಟದಲ್ಲಿ ಬಾಯಿ ಹಾಕುವಂತಿಲ್ಲ. ಆಮೇಲೆ ಆ ದಪ್ಪ ಮನುಷ್ಯ ಕಡಲೆಕಾಯಿ ತಿನ್ನಲಿಲ್ಲ, ಜೋಕು ಹೇಳಲಿಲ್ಲ, ಮೇಜಿನ ಮೇಲೆ ಹರಡಿದ್ದ ತನ್ನ ಮೊಣಕೈಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡ. ಇಷ್ಟು ಹೊತ್ತು ಬೇಕೆನಿಸಿದ್ದ ಜಾಗವೆಲ್ಲ ಈಗ ಅವನಿಗೆ ಸಿಕ್ಕಿತ್ತು.

ಹನ್ನೊಂದನೇ ಓವರು. ಈಗಲೂ ಕೂಗಬಹುದು. ಗಂಟಲು ಹರಿಯುವಂತೆ ಕೂಗಿದರೆ ಅರ್ಧ ಮೈದಾನಕ್ಕೆ ಕೇಳುತ್ತದೆ. ಹನ್ನೆರಡನೇ ಓವರು. ಈಗ ಕೂಗಿದರೆ, ಆಗ ಹೂಂ ಎಂದದ್ದೇಕೆ ಎನ್ನುತ್ತಾರೆ. ಕಳೆದ ಒಂದೊಂದು ಎಸೆತವೂ ಮುಂದಿನ ಎಸೆತದ ಬಾಯಿಗೆ ಬಟ್ಟೆ ತುರುಕುತ್ತಿತ್ತು. ಹುಡುಗ ತಾನಾಗಿ ತಾನೇ ಹೊಡೆಯಲಿ, ಬುದ್ಧಿ ಕೆಟ್ಟು ಬ್ಯಾಟು ಬೀಸುವುದು ಅವನ ಜಾಯಮಾನವೇ ಅಲ್ಲವೇ, ಇವತ್ತೊಂದು ದಿನ ಬೀಸಲಿ ಎಂದು ಅವನು ಹಲ್ಲು ಕಚ್ಚಿ ಬೇಡಿಕೊಂಡ. ಬಾಮೈದ ಬೀಸಲಿಲ್ಲ. ಜವಾಬ್ದಾರಿಯಿಲ್ಲ ಎಂದು ಎಲ್ಲರಿಂದ ಅನ್ನಿಸಿಕೊಂಡಿದ್ದ ಹುಡುಗ ಇವತ್ತು ಒಂದೊಂದೇ ರನ್ನನ್ನು ಹೆಕ್ಕಿ ಹೆಕ್ಕಿ, ಎತ್ತಿ ಹೊಡೆಯಬಹುದಾದ ಚೆಂಡನ್ನೂ ನೆಲಕ್ಕೊತ್ತಿ, ಜೊತೆಗಾರನಿಗೆ ಅವಸರ ಬೇಡವೆಂದು ಅಂಗೈ ತೋರಿಸುತ್ತ ಆಡಿದ. ಅಷ್ಟು ಚಂದವಾಗಿ ಅವನು ಎಂದೂ ಆಡಿರಲಿಲ್ಲ. ಹೆಂಡತಿ ನೋಡಬೇಕಿತ್ತು ಎಂಬ ಯೋಚನೆ ಬಂದು ಅವನ ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಪುರುಸೊತ್ತಿಲ್ಲದೆ ಗುರುತು ಹಾಕಿದ.

ಹದಿನಾಲ್ಕು ಓವರು ಮುಗಿದವು. ಮುಂದಿನ ಓವರಿನ ಮೊದಲ ಎಸೆತಕ್ಕೆ ಒಂದು ರನ್. ಎರಡನೆಯದು ಹೊರಗೆ ಬಿದ್ದ ಚೆಂಡು. ಬಾಮೈದ ಬ್ಯಾಟನ್ನು ಭುಜದ ಮೇಲಕ್ಕೆತ್ತಿ, ಯಾರಿಗೋ ದಾರಿ ಬಿಡುವವನ ಹಾಗೆ ಮರ್ಯಾದೆಯಿಂದ ಅದನ್ನು ಹೋಗಗೊಟ್ಟ. ಗೂಡಿನಲ್ಲಿ ಅವನು ರನ್ನಿಲ್ಲವೆಂದು ಒಂದು ಚುಕ್ಕೆ ಇಟ್ಟ. ಫಲಕದಲ್ಲಿ ತೊಂಬತ್ತೇಳು. ಮರದ ನೆರಳಿನಲ್ಲಿ ಮೊದಲು ಒಬ್ಬ, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರನ್ನೊಬ್ಬರು ತಬ್ಬಿಕೊಂಡು ಬುತ್ತಿಗೆ ಕೈ ಹಾಕಿದರು. ತನ್ನ ಆಟಕ್ಕೇ ಚಪ್ಪಾಳೆ ಬಿತ್ತೆಂದು ಬಾಮೈದ ಅತ್ತ ತಿರುಗಿ ಬ್ಯಾಟು ಎತ್ತಿ ತೋರಿಸಿದ. ಮೇಲೆ ಅವನು ಹಾಳೆಯತ್ತ ಮುಖ ತಗ್ಗಿಸಿದ. ಮುಂದಿನ ಓವರುಗಳಲ್ಲಿ ಏನು ನಡೆಯಿತೆಂದು ಅವನ ಕೈಗಷ್ಟೇ ಗೊತ್ತು.

ಹದಿನೆಂಟನೇ ಓವರಿನ ಐದನೇ ಎಸೆತಕ್ಕೆ ಬಾಮೈದ ಚೆಂಡನ್ನು ಗೆರೆಯಾಚೆ ಅಟ್ಟಿದಾಗ ಮುದ್ರಣಾಲಯದವರು ಬೇಲಿ ಹಾರಿ ನುಗ್ಗಿದರು. ಅವನನ್ನು ಹೆಗಲ ಮೇಲೆ ಹೊತ್ತರು, ಇಳಿಸಿದರು, ಮತ್ತೆ ಹೊತ್ತರು. ಮ್ಯಾನೇಜರ್ ಟವೆಲನ್ನು ತಿರುಗಿಸಿ ಗಾಳಿಗೆಸೆದ. ಬಾಮೈದ ಎಲ್ಲರಿಂದ ಬಿಡಿಸಿಕೊಂಡು, ಮೆಟ್ಟಿಲುಗಳನ್ನು ಧಡಧಡನೆ ಹತ್ತಿ, ಬೆವರು ಸೋರುವ ಮೈಯಲ್ಲೇ ಬಂದು ಅವನನ್ನು ತಬ್ಬಿಕೊಂಡ. “ಇನ್ನೂ ಮೂರು ಬಾಲ್ ಮಿಕ್ಕಿತ್ತು ಭಾವ! ನೀವು ಹೇಳಿದ್ದು ನೀವು ಹೇಳಿದ್ದೇ. ಅಕ್ಕಂಗೆ ಫೋನ್ ಮಾಡ್ತೀನಿ ತಡೀರಿ,” ಎಂದು ಭಾವನ ಬಳಿ ಕೊಟ್ಟಿದ್ದ ತನ್ನ ಫೋನನ್ನು ಮೇಜಿನಿಂದ ಎತ್ತಿಕೊಂಡು, ಗ್ಲೌಸು ತೆಗೆಯುವ ತಾಳ್ಮೆಯೂ ಇಲ್ಲದೆ ಹಲ್ಲಿನಿಂದ ಅದರ ಪಟ್ಟಿ ಎಳೆಯತೊಡಗಿದ. ಗಿರಣಿಯವ ತನ್ನ ಚೀಲದ ಜಿಪ್ಪು ಹಾಕುತ್ತಿದ್ದ.

“ಫೋನ್ ಆಮೇಲೆ ಮಾಡು,” ಎಂದ ಅವನು. “ಕೂತ್ಕೋ. ಲೆಕ್ಕ ತಪ್ಪಿದೆ. ಹದಿನಾಲ್ಕು ಓವರ್ ಎರಡು ಬಾಲೊಳಗೆ ಮುಗಿಸ್ಬೇಕಿತ್ತು. ಆಲೌಟ್ ಆಗಿದ್ವಲ್ಲ ಅವತ್ತು, ಇಪ್ಪತ್ತು ಹಿಡೀಬೇಕು, ನಾನು ಹದಿನಾರು ಹಿಡಿದೆ. ಫೈನಲ್ ಅವರಿಗೆ ಹೋಯ್ತು.”

ಬಾಮೈದನ ಮುಖದ ನಗು ಕೂಡಲೇ ಹೋಗಲಿಲ್ಲ, ಹೋಗುವ ದಾರಿ ತಿಳಿಯದೆ ಅಲ್ಲೇ ನಿಂತಿತ್ತು. ಕೆಳಗೆ ಕುಣಿತ ನಡೆದೇ ಇತ್ತು. ಹುಡುಗ ಕುರ್ಚಿಯ ಮೇಲೆ ಕೂತ, ಎದ್ದ, ಕಿಟಕಿಯಿಂದ ನೆರಳಿನವರನ್ನು ನೋಡಿದ, ತಿರುಗಿದ. ಬೈಯಲಿ ಎಂದು ಭಾವ ಬಯಸಿದ. ಕೊರಳಪಟ್ಟಿ ಹಿಡಿಯಲಿ.

“ಅಂದ್ರೆ ಆವತ್ತು ನಾನು ಔಟಾದದ್ದು,” ಎಂದ ಬಾಮೈದ ಮೆಲ್ಲಗೆ. “ನನ್ನಿಂದ್ಲೇ ಆಯ್ತು ಹಂಗಾದ್ರೆ. ಹೋಗ್ಲಿ ಬಿಡಿ ಭಾವ. ನೀವೇನು ಬೇಕಂತ ಮಾಡ್ತೀರಾ? ಯಾರಿಗಾದ್ರೂ ತಪ್ಪುತ್ತೆ.” ಆಮೇಲೆ, ಸುಮ್ಮನೆ ಕೇಳಬೇಕೆಂದು ಕೇಳುವವನ ಹಾಗೆ, “ಯಾವಾಗ ಗೊತ್ತಾಯ್ತು ನಿಮಗೆ?” ಎಂದ.

ಗಿರಣಿಯವ ಬಾಗಿಲಲ್ಲಿ ನಿಂತ. ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಮೆಟ್ಟಿಲಿನ ಕಡೆಗೆ ಒಂದು ಕಾಲು ಮುಂದಿತ್ತು.

“ಈಗ,” ಎಂದ ಭಾವ. “ಈಗಷ್ಟೇ.”

ದಪ್ಪ ಬೆನ್ನು ಒಂದು ಸಲ ಉಸಿರೆಳೆದುಕೊಂಡು ಮೆಟ್ಟಿಲಿಳಿದು ಹೋಯಿತು. ಬಾಮೈದ ತಲೆಯಾಡಿಸಿದ, ನಂಬಿದ್ದ. ಅಷ್ಟರಲ್ಲಿ ಅವನ ಕೈಯಲ್ಲಿದ್ದ ಫೋನು ತಾನೇ ಹೊಡೆದುಕೊಂಡಿತು, ಅಕ್ಕನೇ. ಅವನು ಕಿವಿಗಿಟ್ಟು, ಗೆದ್ವಿ ಅಕ್ಕ, ಆದ್ರೆ ಇಲ್ಲ, ಫೈನಲ್ ಇಲ್ಲ, ಎಂದು ಶುರುಮಾಡಿ, ಎಲ್ಲವನ್ನೂ ಹೇಳಿ, “ಭಾವನ ಮೇಲೆ ರೇಗ್ಬೇಡ, ಅವರಿಗೂ ಈಗ್ಲೇ ಗೊತ್ತಾಗಿದ್ದು. ಕೆಲಸ ಹೋದ್ರೆ ಹೋಯ್ತು, ನಿಮ್ಮ ಜೊತೆಗೇ ಇರ್ತೀನಿ, ಇನ್ನೆಲ್ಲಿಗೆ ಹೋಗ್ಲಿ,” ಎಂದು ನಗಲು ನೋಡಿದ. ಜೊತೆಗೇ ಇರುತ್ತೇನೆ ಎಂಬ ಮಾತು ಕಿವಿಗೆ ಬಿದ್ದದ್ದೇ ಭಾವನ ಎದೆಯೊಳಗೆ ಏನೋ ಮಿಸುಕಿ ಬೆಚ್ಚಗಾಯಿತು. ಅದು ಸಂತೋಷ. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾಗದೆ ಅವನು ಹೆದರಿಹೋದ.

“ಅಕ್ಕ ಮಾತಾಡ್ಬೇಕಂತೆ,” ಎಂದು ಬಾಮೈದ ಫೋನನ್ನು ಅವನ ಕಿವಿಗೆ ಹಿಡಿದ.

ಆ ಕಡೆ ಅಡುಗೆಮನೆಯ ನಲ್ಲಿಯಿಂದ ನೀರು ಬೀಳುವ ಸದ್ದಿತ್ತು, ಅವಳು ಅದನ್ನು ನಿಲ್ಲಿಸಿದಳು.

“ನೀವು ಲೆಕ್ಕ ತಪ್ಪಿದ್ರಾ?” ಎಂದಳು.

“ಹೂಂ.”

“ನೀವಾ?”

ಅವನು ಮೇಜಿನ ಮೇಲಿದ್ದ ಲೆಕ್ಕದ ಪುಸ್ತಕವನ್ನು ಮುಚ್ಚಿದ.

“ಇಷ್ಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದೀನಿ,” ಎಂದಳು. ಅಳುತ್ತಿರಲಿಲ್ಲ, ರೇಗುತ್ತಲೂ ಇರಲಿಲ್ಲ, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವಷ್ಟು ಮೆಲ್ಲಗಿತ್ತು ದನಿ. “ನಿಮಗೆ ಲೆಕ್ಕ ತಪ್ಪಲ್ಲ.”

ಅವಳು ಫೋನು ಇಟ್ಟಳು. ಕಿವಿಗೆ ಒತ್ತಿದ್ದ ಬಾಮೈದನ ಕೈ ಇನ್ನೂ ಬಿಸಿಯಾಗಿತ್ತು, ಬೆವರಿನ ವಾಸನೆ ಬರುತ್ತಿತ್ತು.

“ಏನಂದ್ಲು ಅಕ್ಕ? ಬೈದ್ಲಾ?”

“ಇಲ್ಲ,” ಎಂದ ಅವನು. “ಇಬ್ರೂ ಬೇಗ ಮನೆಗೆ ಬನ್ನಿ ಅಂದ್ಲು.”